ನೆಟ್‌ವರ್ಕ್ ಸ್ವಿಚ್‌ನ ಪ್ರೊಸೆಸರ್ ಮೇಲೆ ಅತಿಭಾರ: ಕಾರಣ ಶೋಧನೆ ಹೇಗೆ?

ಮಾಸಿಕ ವಿವರಪಟ್ಟಿ ಸಲ್ಲಿಸುವ ವರ್ತಕರಿಗೆ ಜಿ.ಎಸ್.ಟಿ.ಆರ್.-1ಕ್ಕೆ ತಿಂಗಳ 11ನೆಯ ದಿನಾಂಕ, ಜಿ.ಎಸ್.ಟಿ.ಆರ್.-3ಬಿಗೆ 20ನೆಯ ದಿನಾಂಕ ಕಡೆಯ ದಿನವೆಂಬುದು ಬಾಯಿಪಾಠವಾಗಿದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳು ನೋಂದಾಯಿತ ವ್ಯಾಪಾರಿಗಳಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆಯುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ಹೀಗಾಗಿ ಕಚೇರಿಯ ಗಣಕಯಂತ್ರ ಜಾಲ ಎರಡು ಗಂಟೆ ನಿಂತರೆ ಬಿಲ್ಲು ನಿಲ್ಲುತ್ತದೆ. ಬಿಲ್ಲು ನಿಂತರೆ ಸರಕು ತುಂಬಿದ ಲಾರಿಯೂ ಗೋದಾಮಿನ ಬಾಗಿಲಲ್ಲೇ ನಿಲ್ಲುತ್ತದೆ.

ಇಂಥ ಸಮಯದಲ್ಲಿ ನಿರ್ವಹಣಾ ಕರಾರಿನ ತಂತ್ರಜ್ಞರು ಬಂದು, "ಸ್ವಿಚ್‌ನ ಪ್ರೊಸೆಸರ್ ಶೇ. 95ಕ್ಕೆ ಏರಿದೆ, ಇದರ ಶಕ್ತಿ ಸಾಲದು, ಹೊಸದನ್ನು ಹಾಕಬೇಕು" ಎಂದು ಹೇಳುವುದುಂಟು. ಗಾಬರಿಯಲ್ಲಿರುವ ಮಾಲೀಕರು ಖರೀದಿ ಆದೇಶಕ್ಕೆ ಸಹಿ ಹಾಕುವುದೂ ಉಂಟು. ಹೊಸ ಸ್ವಿಚ್ ಬಂದ ಕೆಲವು ದಿನಗಳಲ್ಲಿ ಅದರ ಪ್ರೊಸೆಸರ್ ಕೂಡ ಶೇ. 95ಕ್ಕೆ ಏರಿದಾಗ ಮಾತ್ರ, ರೋಗ ಬೇರೆಲ್ಲೋ ಇತ್ತೆಂಬುದು ಅರಿವಾಗುತ್ತದೆ.

ಶೇ. 95 ಎಂಬುದು ಖಾತೆಯ ಕೊನೆಯಲ್ಲಿ ಕಾಣುವ ಮೊತ್ತವಿದ್ದಂತೆ. ವೆಚ್ಚದ ಖಾತೆಯಲ್ಲಿ ಮೊತ್ತ ಹೆಚ್ಚಾಗಿದೆಯೆಂದ ಮಾತ್ರಕ್ಕೆ ಯಾವ ಲೆಕ್ಕ ಪರಿಶೋಧಕನೂ ತೀರ್ಮಾನಕ್ಕೆ ಬರುವುದಿಲ್ಲ. ಅದರ ಹಿಂದಿನ ವೋಚರುಗಳನ್ನು ಕೇಳುತ್ತಾನೆ. ಸ್ವಿಚ್‌ನ ವಿಷಯದಲ್ಲೂ ಹಾಗೆಯೇ ನಡೆಯತಕ್ಕದ್ದು. ಆ ವೋಚರುಗಳು ಎಲ್ಲಿ ಸಿಗುತ್ತವೆ, ಅವನ್ನು ಓದುವುದು ಹೇಗೆ, ತಂತ್ರಜ್ಞರಿಗೆ ಕೇಳಬೇಕಾದ ಪ್ರಶ್ನೆಗಳು ಯಾವುವು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸ್ವಿಚ್‌ನೊಳಗೆ ನಡೆಯುವುದೇನು?

ಇಲ್ಲಿ ಸ್ವಿಚ್ ಎಂದರೆ ಕಚೇರಿಯ ಗಣಕಯಂತ್ರ, ಪ್ರಿಂಟರ್, ಸರ್ವರ್, ಕ್ಯಾಮೆರಾ ಮುಂತಾದವುಗಳ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಅದರ ಕೆಲಸವನ್ನು ಎ.ಪಿ.ಎಂ.ಸಿ. ಯಾರ್ಡಿನ ದೊಡ್ಡ ಮಂಡಿಯೊಂದಕ್ಕೆ ಹೋಲಿಸಬಹುದು. ಮಂಡಿಗೆ ಬಂದ ಚೀಲದ ಮೇಲಿನ ಗುರುತು ನೋಡಿ, ಗೋಡೆಯ ಫಲಕದಲ್ಲಿ ಬರೆದಿರುವಂತೆ ಹಮಾಲರು ಅದನ್ನು ಆಯಾ ಬಾಗಿಲಿಗೆ ಸಾಗಿಸುತ್ತಾರೆ. ಪ್ರತಿಯೊಂದು ಚೀಲಕ್ಕೂ ಗುಮಾಸ್ತನನ್ನು ಕೇಳುವುದಿಲ್ಲ. ಗುಮಾಸ್ತನು ಫಲಕವನ್ನು ಬರೆಯುವುದು, ಮಂಡಿಯ ಹೆಸರಿಗೇ ಬಂದ ಪತ್ರಗಳಿಗೆ ಉತ್ತರಿಸುವುದು, ಪಕ್ಕದ ಮಂಡಿಗಳೊಡನೆ ವ್ಯವಹರಿಸುವುದು, ತಕರಾರುಗಳನ್ನು ಬಗೆಹರಿಸುವುದು ಇಷ್ಟನ್ನೇ ನೋಡಿಕೊಳ್ಳುತ್ತಾನೆ.

ಸ್ವಿಚ್‌ನಲ್ಲಿ ಹಮಾಲರ ಕೆಲಸವನ್ನು ಅದಕ್ಕೆಂದೇ ನಿರ್ಮಿಸಿದ ಚಿಪ್‌ಗಳು ಮಾಡುತ್ತವೆ. ಒಂದು ಗಿಗಾಬಿಟ್ ವೇಗದ ಒಂದೇ ಪೋರ್ಟಿನಲ್ಲಿ, 64 ಬೈಟ್‌ನ ಅತಿ ಚಿಕ್ಕ ಚೌಕಟ್ಟುಗಳು ಬಂದರೆ, ಸೆಕೆಂಡಿಗೆ ಸುಮಾರು 14.88 ಲಕ್ಷ ಚೌಕಟ್ಟುಗಳು ಹಾದುಹೋಗಬಲ್ಲವು. ಇಷ್ಟನ್ನು ಚಿಪ್‌ಗಳು ಆಯಾಸವಿಲ್ಲದೆ ಸಾಗಿಸುತ್ತವೆ. ಪ್ರೊಸೆಸರ್ ಗುಮಾಸ್ತನ ಸ್ಥಾನದಲ್ಲಿರುತ್ತದೆ. ಅದರ ಶಕ್ತಿ ಚಿಪ್‌ಗಳ ಶಕ್ತಿಯ ಒಂದು ಸಣ್ಣ ಅಂಶ ಮಾತ್ರ. ಇದು ದೋಷವಲ್ಲ, ವಿನ್ಯಾಸವೇ ಹಾಗಿದೆ.

ಇದರಿಂದ ಒಂದು ಮುಖ್ಯ ಅಂಶ ಸ್ಪಷ್ಟವಾಗುತ್ತದೆ. ಕಚೇರಿಯ ವಹಿವಾಟು ಹೆಚ್ಚಾದ ಮಾತ್ರಕ್ಕೆ ಸ್ವಿಚ್‌ನ ಪ್ರೊಸೆಸರ್ ಭಾರ ಏರುವುದಿಲ್ಲ. ಬಿಲ್ಲುಗಳು ಎರಡರಷ್ಟಾದರೆ ಹಮಾಲರ ಕೆಲಸ ಎರಡರಷ್ಟಾಗುತ್ತದೆಯೇ ಹೊರತು ಗುಮಾಸ್ತನದಲ್ಲ. ಆದ್ದರಿಂದ ಪ್ರೊಸೆಸರ್ ಭಾರ ಏರಿದೆಯೆಂದರೆ, ಹಮಾಲರು ಮಾಡಬೇಕಾದ ಕೆಲಸ ಯಾವುದೋ ಕಾರಣದಿಂದ ಗುಮಾಸ್ತನ ಮೇಜಿಗೆ ಬರುತ್ತಿದೆ ಅಥವಾ ಗುಮಾಸ್ತನಿಗೆ ಬೇರಾವುದೋ ಲೆಕ್ಕ ಮುಗಿಯದಾಗಿದೆ ಎಂದರ್ಥ. "ವ್ಯಾಪಾರ ಬೆಳೆದಿದೆ, ಆದ್ದರಿಂದ ಸ್ವಿಚ್ ಸಾಲದು" ಎಂಬ ವಾದವನ್ನು ಪರಿಶೀಲಿಸದೆ ಒಪ್ಪಲಾಗದು.

ಅತಿಭಾರ ಅಪಾಯವಾಗುವುದು ಯಾವಾಗ?

ಪ್ರೊಸೆಸರ್ ಭಾರ ಏರಿದ್ದರೂ ಹಮಾಲರ ಕೆಲಸ ನಡೆಯುತ್ತಲೇ ಇರಬಹುದು. ಆಜ್ಞೆಯೊಂದನ್ನು ನೀಡಿದಾಗ, ಸಂರಚನೆಯನ್ನು ಉಳಿಸುವಾಗ, ಕೆಲವು ಸೆಕೆಂಡುಗಳ ಕಾಲ ಅಂಕಿ ಮೇಲೇರಿ ಇಳಿಯುವುದು ಸಹಜ. ಅದಕ್ಕೆ ಚಿಂತಿಸಬೇಕಿಲ್ಲ. ನಿಮಿಷಗಟ್ಟಲೆ ಏರಿದ ಅಂಕಿ ಇಳಿಯದಿದ್ದರೆ ಮಾತ್ರ ಅಪಾಯ ಆರಂಭವಾಗುತ್ತದೆ. ಏಕೆಂದರೆ ಪಕ್ಕದ ಸ್ವಿಚ್‌ಗಳೊಡನೆ ನಡೆಸಬೇಕಾದ ಅತ್ಯಗತ್ಯ ಸಂಭಾಷಣೆಯೂ ಪ್ರೊಸೆಸರ್‌ನ ಪಾಲಿನದೇ.

ಆ ಸಂಭಾಷಣೆಯಲ್ಲಿ ಮುಖ್ಯವಾದದ್ದು ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ. ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಮಹಿಳಾ ಎಂಜಿನಿಯರ್ 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಶನ್‌ನಲ್ಲಿದ್ದಾಗ ಇದನ್ನು ರೂಪಿಸಿದರು. ಒಂದು ಕೇಬಲ್ ಕಡಿದರೂ ಕೆಲಸ ನಿಲ್ಲಬಾರದೆಂದು ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಎಳೆಯುವುದು ವಾಡಿಕೆ. ಆದರೆ ಎರಡೂ ಮಾರ್ಗ ಏಕಕಾಲಕ್ಕೆ ತೆರೆದರೆ ಜಾಲದಲ್ಲಿ ವೃತ್ತ ಉಂಟಾಗುತ್ತದೆ. ಎಲ್ಲರಿಗೂ ಎಂದು ಸಾರಿದ ಸಂದೇಶ ಆ ವೃತ್ತದಲ್ಲಿ ಸುತ್ತುತ್ತಲೇ ಇರುತ್ತದೆ. ಅಂತರಜಾಲದ ಪ್ಯಾಕೆಟ್‌ಗೆ ಇಂತಿಷ್ಟು ಹೆಜ್ಜೆ ದಾಟಿದರೆ ನಾಶವಾಗಬೇಕೆಂಬ ಮಿತಿಯುಂಟು. ಈಥರ್‌ನೆಟ್ ಚೌಕಟ್ಟಿಗೆ ಅಂಥ ಮಿತಿಯಿಲ್ಲ. ಸ್ಪ್ಯಾನಿಂಗ್ ಟ್ರೀ ಒಂದು ಮಾರ್ಗವನ್ನು ಮುಚ್ಚಿಟ್ಟು ಈ ವೃತ್ತವನ್ನು ತಪ್ಪಿಸುತ್ತದೆ.

ಮುಚ್ಚಿದ ಬಾಗಿಲು ಮುಚ್ಚಿಯೇ ಇರಬೇಕಾದರೆ, ಪ್ರತಿ 2 ಸೆಕೆಂಡಿಗೊಮ್ಮೆ ಆಚೆಯ ಸ್ವಿಚ್‌ನಿಂದ "ಇದ್ದೇನೆ" ಎಂಬ ಸೂಚನೆ ಬರುತ್ತಿರಬೇಕು. ಮೂಲ ವ್ಯವಸ್ಥೆಯಲ್ಲಿ 20 ಸೆಕೆಂಡು ಸೂಚನೆ ಬಾರದಿದ್ದರೆ, ಮತ್ತೆ 30 ಸೆಕೆಂಡು ಕಾದು, ಒಟ್ಟು 50 ಸೆಕೆಂಡಿಗೆ ಆ ಬಾಗಿಲು ತೆರೆದುಕೊಳ್ಳುತ್ತದೆ. 2001ರಲ್ಲಿ ಬಂದ ಸುಧಾರಿತ ವ್ಯವಸ್ಥೆಯಲ್ಲಿ ಮೂರು ಸೂಚನೆ ತಪ್ಪಿದರೆ, ಅಂದರೆ 6 ಸೆಕೆಂಡಿನಲ್ಲಿಯೇ, ಆಚೆಯವರು ಇಲ್ಲವೆಂದು ಭಾವಿಸಲಾಗುತ್ತದೆ. ಪ್ರೊಸೆಸರ್ ಅತಿಭಾರದಿಂದ ಉಸಿರುಗಟ್ಟಿದ್ದರೆ ಈ ಸೂಚನೆಯನ್ನು ಕಳುಹಿಸಲು ಆಗುವುದಿಲ್ಲ. ಆಗ ಮುಚ್ಚಿದ್ದ ಮಾರ್ಗ ತೆರೆಯುತ್ತದೆ, ವೃತ್ತ ಉಂಟಾಗುತ್ತದೆ, ವೃತ್ತದ ಪ್ರವಾಹ ಪ್ರೊಸೆಸರ್‌ಗಳ ಮೇಲೆ ಇನ್ನಷ್ಟು ಭಾರ ಹೇರುತ್ತದೆ. ಒಂದು ಪೆಟ್ಟಿಗೆಯ ತೊಂದರೆ ಇಡೀ ಜಾಲದ ಸ್ತಂಭನವಾಗುವುದು ಹೀಗೆ.

ಬಾಸ್ಟನ್ ಆಸ್ಪತ್ರೆಯ ನಿದರ್ಶನ

ಸ್ಪ್ಯಾನಿಂಗ್ ಟ್ರೀ ಕೈಕೊಟ್ಟರೆ ಆಗುವ ನಷ್ಟಕ್ಕೆ ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದ ಪ್ರಕರಣ ಹೆಸರುವಾಸಿಯಾಗಿದೆ. 1996ರಲ್ಲಿ ಎರಡು ಆಸ್ಪತ್ರೆಗಳು ವಿಲೀನಗೊಂಡು ರೂಪುಗೊಂಡ ಸಂಸ್ಥೆಯಿದು. ಜಾಲವೂ ತುಂಡುತುಂಡಾಗಿ ಬೆಳೆದಿತ್ತು. ಅಗತ್ಯ ಬಿದ್ದಾಗಲೆಲ್ಲ ಒಂದು ಸ್ವಿಚ್‌ಗೆ ಮತ್ತೊಂದನ್ನು ಜೋಡಿಸಲಾಗಿತ್ತು. ಸ್ಪ್ಯಾನಿಂಗ್ ಟ್ರೀಯ ಸಾಮಾನ್ಯ ಕಾಲಮಿತಿಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಸ್ವಿಚ್‌ಗಳಷ್ಟು ದೂರಕ್ಕೆ ಲೆಕ್ಕಹಾಕಿದವು. ಆ ಜಾಲದ ಕೆಲವು ಭಾಗಗಳು ಈ ಮಿತಿಯನ್ನು ದಾಟಿದ್ದವು.

2002ರ ನವೆಂಬರ್ 13ರಂದು ಜಾಲ ನಿಧಾನವಾಯಿತು, ಬಳಿಕ ಕುಸಿಯಿತು. ಸರಿಪಡಿಸಿದಂತೆ ಕಂಡರೂ ಮತ್ತೆ ಮತ್ತೆ ಕುಸಿಯಿತು. ಸುಮಾರು ನಾಲ್ಕು ದಿನ ವೈದ್ಯರು ಹಾಗೂ ದಾದಿಯರು ಔಷಧಿ ಚೀಟಿ, ಪ್ರಯೋಗಾಲಯದ ವರದಿ ಎಲ್ಲವನ್ನೂ ಕಾಗದದಲ್ಲಿ ಬರೆದು, ಕೈಯಲ್ಲಿ ಹಿಡಿದು ಓಡಾಡಬೇಕಾಯಿತು. ಉಪಕರಣ ತಯಾರಕರಾದ ಸಿಸ್ಕೋ ಸಂಸ್ಥೆಯ ತಜ್ಞರು ಬಂದು ಜಾಲದ ವಿನ್ಯಾಸವನ್ನೇ ಬದಲಿಸಿದ ಮೇಲೆ ಸ್ಥಿತಿ ಸುಧಾರಿಸಿತು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಜಾನ್ ಹಲಾಮ್ಕಾ ಅವರು ನಡೆದದ್ದನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸಿದ್ದರಿಂದ ಇದು ಎಲ್ಲರಿಗೂ ಪಾಠವಾಯಿತು.

ನಮ್ಮ ಸಣ್ಣ ಹಾಗೂ ಮಧ್ಯಮ ಉದ್ಯಮಗಳ ಜಾಲಗಳೂ ಇದೇ ರೀತಿ ಬೆಳೆಯುತ್ತವೆಂಬುದು ಗಮನಾರ್ಹ. ಮೊದಲು ಕಚೇರಿಗೆ ಒಂದು ಸ್ವಿಚ್. ಆಮೇಲೆ ಗೋದಾಮಿಗೆ, ತೂಕದ ಸೇತುವೆಗೆ, ಕ್ಯಾಮೆರಾಗಳಿಗೆ, ಹೊಸ ಷೆಡ್ಡಿಗೆ ಒಂದೊಂದು. ಯಾವುದು ಯಾವುದಕ್ಕೆ ಸೇರಿದೆಯೆಂಬ ನಕ್ಷೆ ಮಾತ್ರ ಎಲ್ಲೂ ಇರುವುದಿಲ್ಲ.

ಮೊದಲು ದಾಖಲೆ, ಅನಂತರ ದುರಸ್ತಿ

ತೊಂದರೆ ಬಂದೊಡನೆ ಸ್ವಿಚ್‌ನ ವಿದ್ಯುತ್ ತೆಗೆದು ಮತ್ತೆ ಹಾಕುವುದು ಎಲ್ಲೆಡೆ ಕಾಣುವ ಪದ್ಧತಿ. ತಾತ್ಕಾಲಿಕವಾಗಿ ಕೆಲಸ ಸಾಗಲೂಬಹುದು. ಆದರೆ ಸ್ವಿಚ್ ತನ್ನ ಘಟನಾವಳಿಯನ್ನು ಸಾಮಾನ್ಯವಾಗಿ ತಾತ್ಕಾಲಿಕ ಸ್ಮರಣೆಯಲ್ಲಿ ಇಟ್ಟುಕೊಂಡಿರುತ್ತದೆ. ವಿದ್ಯುತ್ ಹೋದೊಡನೆ ಅದೆಲ್ಲ ಅಳಿಸಿಹೋಗುತ್ತದೆ. ವಂಚನೆಯ ಸಂಶಯ ಬಂದಾಗ ಕಿರ್ದಿ ಪುಸ್ತಕವನ್ನೇ ಸುಟ್ಟುಹಾಕಿದಂತೆ ಇದು. ಕಾರಣ ತಿಳಿಯುವುದಿಲ್ಲ, ತೊಂದರೆ ಮರುಕಳಿಸುತ್ತದೆ.

ಆದ್ದರಿಂದ ಪುನರಾರಂಭಕ್ಕೆ ಮುನ್ನ ಐದು ನಿಮಿಷ ವ್ಯಯಿಸಿ ಈ ಕೆಳಗಿನವನ್ನು ಕಡತಕ್ಕೆ ಇಳಿಸಿಕೊಳ್ಳಬೇಕು:

1. ಪ್ರೊಸೆಸರ್ ಭಾರದ ವಿಂಗಡಣೆ
2. ಹಿಂದಿನ ಗಂಟೆಗಳ ಭಾರದ ನಕ್ಷೆ
3. ಘಟನಾವಳಿ
4. ಪ್ರತಿ ಪೋರ್ಟಿನಲ್ಲಿ ಹಾದುಹೋದ ಪ್ಯಾಕೆಟ್‌ಗಳ ಎಣಿಕೆ
5. ಸ್ಪ್ಯಾನಿಂಗ್ ಟ್ರೀಯ ಸ್ಥಿತಿ

ಸ್ವಿಚ್ ಏನೂ ಉತ್ತರಿಸದಷ್ಟು ಕೆಟ್ಟಿದ್ದರೆ, ಅದರ ಹಿಂಬದಿಯ ಅಥವಾ ಮುಂಬದಿಯ ಕನ್ಸೋಲ್ ಪೋರ್ಟಿಗೆ ನೇರವಾಗಿ ಲ್ಯಾಪ್‌ಟಾಪ್ ಜೋಡಿಸಿ ನೋಡಬೇಕು. ಅದೂ ಸಾಧ್ಯವಾಗದಿದ್ದಲ್ಲಿ ಕೇಬಲ್‌ಗಳನ್ನು ಒಂದೊಂದಾಗಿ ಕಳಚುತ್ತ, ಯಾವುದನ್ನು ತೆಗೆದಾಗ ಭಾರ ಇಳಿಯಿತೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಕಾರಣ ಸಿಗುವುದಿಲ್ಲ.

ಮತ್ತೊಂದು ಎಚ್ಚರಿಕೆ: ಡೀಬಗ್ ಎಂಬ ಆಜ್ಞೆಗಳು ಸ್ವಿಚ್‌ನ ಪ್ರತಿಯೊಂದು ಹೆಜ್ಜೆಯನ್ನೂ ವರದಿ ಮಾಡಿಸುತ್ತವೆ. ಆ ವರದಿಯನ್ನು ಬರೆಯುವುದೂ ಪ್ರೊಸೆಸರ್‌ನ ಕೆಲಸವೇ. ಮೊದಲೇ ಬಳಲಿದ ಸ್ವಿಚ್‌ನಲ್ಲಿ ಇದನ್ನು ಚಾಲೂ ಮಾಡಿದರೆ ಅದು ಪೂರ್ತಿ ನಿಂತುಬಿಡಬಹುದು. ಹಿಂದಿನ ದುರಸ್ತಿಯ ವೇಳೆ ಚಾಲೂ ಮಾಡಿ ಮರೆತ ಡೀಬಗ್ ಆಜ್ಞೆಯೇ ಅತಿಭಾರದ ಕಾರಣವಾಗಿರುವುದೂ ಉಂಟು.

ಎರಡು ಅಂಕಿಗಳನ್ನು ಓದುವ ಬಗೆ

ಸಿಸ್ಕೋ ಕೆಟಲಿಸ್ಟ್ ಸರಣಿಯ 2960, 3560, 3750 ಮುಂತಾದ ಹಳೆಯ ಸ್ವಿಚ್‌ಗಳಲ್ಲಿ "ಷೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್" ಎಂಬ ಆಜ್ಞೆ ನೀಡಿದರೆ, ಮೊದಲ ಸಾಲಿನಲ್ಲಿ ಐದು ಸೆಕೆಂಡು, ಒಂದು ನಿಮಿಷ ಹಾಗೂ ಐದು ನಿಮಿಷಗಳ ಭಾರ ತೋರುತ್ತದೆ. ಐದು ಸೆಕೆಂಡಿನ ಜಾಗದಲ್ಲಿ ಮಾತ್ರ ಎರಡು ಅಂಕಿಗಳಿರುತ್ತವೆ. ಉದಾಹರಣೆಗೆ ಶೇ. 91/64 ಎಂದಿದೆಯೆಂದು ಭಾವಿಸಬಹುದು.

ಇಲ್ಲಿ 91 ಒಟ್ಟು ಭಾರ. ಅದರಲ್ಲಿ 64, ಬಂದ ಪ್ಯಾಕೆಟ್‌ಗಳನ್ನು ಎತ್ತಿಕೊಳ್ಳುವುದಕ್ಕೇ ವ್ಯಯವಾದದ್ದು. ಇದನ್ನು ಇಂಟರಪ್ಟ್ ಎನ್ನುತ್ತಾರೆ. ಉಳಿದ 27 ಸ್ವಿಚ್‌ನ ಒಳಗಿನ ಕಾರ್ಯಕ್ರಮಗಳಿಗೆ ವ್ಯಯವಾದದ್ದು. ಎಂದರೆ ಇಲ್ಲಿ ಮುಖ್ಯ ತೊಂದರೆ ಹೊರಗಿನಿಂದ ಬರುತ್ತಿರುವ ಪ್ರವಾಹ. ಬದಲಿಗೆ 88/6 ಎಂದಿದ್ದರೆ, ಪ್ರವಾಹದ ಪಾಲು 6 ಮಾತ್ರ, ಉಳಿದ 82 ಒಳಗಿನ ಯಾವುದೋ ಕಾರ್ಯಕ್ರಮದ ಪಾಲು. ಒಟ್ಟು ಮೊತ್ತ ಹೆಚ್ಚುಕಡಿಮೆ ಒಂದೇ ಆದರೂ ಎರಡು ರೋಗಗಳೂ ಬೇರೆ, ಮದ್ದೂ ಬೇರೆ. ಎರಡನೆಯ ಅಂಕಿಯನ್ನು ಹೇಳದೆ ಮೊದಲನೆಯದನ್ನು ಮಾತ್ರ ಹೇಳುವ ವರದಿ ಅಪೂರ್ಣವೆಂದೇ ಪರಿಗಣಿಸತಕ್ಕದ್ದು.

ಕೆಟಲಿಸ್ಟ್ 9000 ಸರಣಿಯಂಥ ಹೊಸ ಸ್ವಿಚ್‌ಗಳಲ್ಲಿ ತಂತ್ರಾಂಶದ ರಚನೆ ಬೇರೆಯಾದ್ದರಿಂದ "ಷೋ ಪ್ರೊಸೆಸಸ್ ಸಿಪಿಯು ಪ್ಲಾಟ್‌ಫಾರ್ಮ್ ಸಾರ್ಟೆಡ್" ಎಂಬ ಆಜ್ಞೆಯನ್ನೂ ನೋಡಬೇಕಾಗುತ್ತದೆ. ಬೇರೆ ತಯಾರಕರ ಸ್ವಿಚ್‌ಗಳಲ್ಲಿ ಆಜ್ಞೆಗಳು ಬೇರೆ. ಪ್ರವಾಹದ ಭಾರವೋ ಕಾರ್ಯಕ್ರಮದ ಭಾರವೋ ಎಂಬ ಪ್ರಶ್ನೆ ಮಾತ್ರ ಒಂದೇ. ಜೊತೆಗೆ "ಷೋ ಪ್ರೊಸೆಸಸ್ ಸಿಪಿಯು ಹಿಸ್ಟರಿ" ಎಂಬ ಆಜ್ಞೆ ಕಳೆದ 60 ಸೆಕೆಂಡು, 60 ನಿಮಿಷ ಹಾಗೂ 72 ಗಂಟೆಗಳ ಏರಿಳಿತವನ್ನು ನಕ್ಷೆಯಾಗಿ ತೋರಿಸುತ್ತದೆ. ಭಾರ ಏರಿದ ಗಂಟೆ ಯಾವುದೆಂದು ತಿಳಿದರೆ, ಆ ಗಂಟೆಯಲ್ಲಿ ಕಚೇರಿಯಲ್ಲಿ ಏನು ನಡೆಯಿತೆಂದು ವಿಚಾರಿಸಬಹುದು. ಹೊಸ ಕೇಬಲ್ ಎಳೆದವರಿದ್ದರೇ, ಕ್ಯಾಮೆರಾ ಜೋಡಿಸಿದವರಿದ್ದರೇ ಎಂಬ ಸರಳ ಪ್ರಶ್ನೆಯೇ ಎಷ್ಟೋ ವೇಳೆ ಉತ್ತರವನ್ನು ಕೊಡುತ್ತದೆ.

ಪ್ರವಾಹದಿಂದ ಬಂದ ಭಾರ

ಇಂಟರಪ್ಟ್ ಅಂಕಿ ಹೆಚ್ಚಿದ್ದಲ್ಲಿ ಮೊದಲು ಶಂಕಿಸಬೇಕಾದದ್ದು ಜಾಲದಲ್ಲಿ ವೃತ್ತ ಉಂಟಾಗಿದೆಯೇ ಎಂಬುದನ್ನು. ಮೇಜಿನ ಕೆಳಗೆ ಇಟ್ಟ ಅಗ್ಗದ ಸಣ್ಣ ಸ್ವಿಚ್‌ನಲ್ಲಿ ಒಂದೇ ಕೇಬಲಿನ ಎರಡೂ ತುದಿಗಳನ್ನು ಸಿಕ್ಕಿಸುವುದು, ಎರಡು ಪೋರ್ಟುಗಳಿರುವ ಮೇಜಿನ ದೂರವಾಣಿಯ ಎರಡನ್ನೂ ಗೋಡೆಯ ಸಾಕೆಟ್‌ಗೆ ಜೋಡಿಸುವುದು ಇದಕ್ಕೆ ಸಾಮಾನ್ಯ ಕಾರಣಗಳು. ಕಸ ಗುಡಿಸುವಾಗ ಕಳಚಿದ ಕೇಬಲನ್ನು ಖಾಲಿ ಕಂಡ ತೂತಿಗೆ ಸಿಕ್ಕಿಸಿದರೂ ಸಾಕು.

ವೃತ್ತದ ಗುರುತುಗಳು ಸ್ಪಷ್ಟ. ಎಲ್ಲ ಪೋರ್ಟುಗಳ ದೀಪಗಳೂ ಏಕಕಾಲಕ್ಕೆ ಬಿಡುವಿಲ್ಲದೆ ಮಿನುಗುತ್ತವೆ. ಒಂದೇ ಗಣಕಯಂತ್ರದ ವಿಳಾಸ ಒಮ್ಮೆ ಈ ಪೋರ್ಟಿನಲ್ಲಿ, ಮರುಕ್ಷಣ ಆ ಪೋರ್ಟಿನಲ್ಲಿ ಕಾಣುತ್ತಿದೆಯೆಂಬ ಸಂದೇಶ ಘಟನಾವಳಿಯಲ್ಲಿ ಬರುತ್ತದೆ. ಆ ಸಂದೇಶದಲ್ಲಿ ಹೆಸರಿಸಿದ ಎರಡು ಪೋರ್ಟುಗಳ ಕೇಬಲನ್ನು ಹಿಡಿದು ಹೋದರೆ ವೃತ್ತದ ಸ್ಥಳ ಸಿಗುತ್ತದೆ. ಪ್ರೊಸೆಸರ್ ಭಾರವನ್ನು ತೋರಿಸುವ ಸೌಲಭ್ಯವೇ ಇಲ್ಲದ ಅಗ್ಗದ ಸ್ವಿಚ್‌ಗಳಲ್ಲಿ ದೀಪಗಳೇ ಏಕಮಾತ್ರ ಸಾಕ್ಷಿ.

ಎರಡನೆಯ ಕಾರಣ, ಸಾರುವ ಸಂದೇಶಗಳ ಅತಿವೃಷ್ಟಿ. "ಈ ವಿಳಾಸ ಯಾರದು?" ಎಂದು ಗಣಕಯಂತ್ರಗಳು ಜಾಲದಲ್ಲಿ ಡಂಗುರ ಸಾರುತ್ತಲೇ ಇರುತ್ತವೆ. ಮಂಡಿಯಲ್ಲಿ ಡಂಗುರ ಹೊಡೆದಾಗ ಗುಮಾಸ್ತನೂ ಕಿವಿಗೊಡಬೇಕಾದಂತೆ, ಇಂಥ ಸಂದೇಶವನ್ನು ಪ್ರೊಸೆಸರ್ ಕೂಡ ನೋಡಲೇಬೇಕು. ವೈರಸ್ ತಗುಲಿದ ಒಂದು ಗಣಕಯಂತ್ರ ಸಾವಿರಾರು ವಿಳಾಸಗಳನ್ನು ಒಂದರ ಹಿಂದೊಂದರಂತೆ ಹುಡುಕಲಾರಂಭಿಸಿದರೆ ಪ್ರೊಸೆಸರ್ ಭಾರ ಏರುತ್ತದೆ. ಪೋರ್ಟುವಾರು ಎಣಿಕೆಯನ್ನು ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ತೆಗೆದು ಕಳೆದರೆ, ಯಾವ ಪೋರ್ಟಿನಿಂದ ಪ್ರವಾಹ ಬರುತ್ತಿದೆಯೆಂದು ತಿಳಿಯುತ್ತದೆ. ಆರಂಭ ಶಿಲ್ಕು, ಅಂತಿಮ ಶಿಲ್ಕು, ವ್ಯತ್ಯಾಸ, ಲೆಕ್ಕ ಅಷ್ಟೇ. ಇಲ್ಲಿ ಸ್ವಿಚ್ ರೋಗಿಯಲ್ಲ, ರೋಗವನ್ನು ತೋರಿಸಿಕೊಟ್ಟ ಸಾಕ್ಷಿ. ಅದನ್ನು ಬದಲಿಸಿದರೆ ವೈರಸ್ ಕಚೇರಿಯಲ್ಲೇ ಉಳಿಯುತ್ತದೆ.

ಮೂರನೆಯದು ಫಲಕ ತುಂಬುವಿಕೆ. ಚಿಪ್‌ಗಳು ನೋಡುವ ಪಟ್ಟಿಯಲ್ಲಿ ಇಂತಿಷ್ಟೇ ನಮೂದುಗಳಿಗೆ ಸ್ಥಳವಿರುತ್ತದೆ. ಮಾರ್ಗಗಳೂ ನಿಯಮಗಳೂ ಅದನ್ನು ಮೀರಿದರೆ, ಹಿಡಿಸದ ಸರಕೆಲ್ಲ ಗುಮಾಸ್ತನ ಮೇಜಿಗೆ ಬರುತ್ತದೆ. ಅನೇಕ ಮಾದರಿಗಳಲ್ಲಿ ಈ ಸ್ಥಳವನ್ನು ಬೇರೆ ರೀತಿಯಲ್ಲಿ ಹಂಚಿಕೊಳ್ಳುವ ಸೌಲಭ್ಯವಿದೆ. ಅದರಿಂದಲೂ ಸಾಲದಿದ್ದಲ್ಲಿ ಮಾತ್ರ ದೊಡ್ಡ ಸ್ವಿಚ್‌ನ ಖರೀದಿ ಸಮರ್ಥನೀಯ.

ಒಳಗಿನ ಕಾರ್ಯಕ್ರಮದಿಂದ ಬಂದ ಭಾರ

ಇಂಟರಪ್ಟ್ ಅಂಕಿ ಕಡಿಮೆಯಿದ್ದು ಒಟ್ಟು ಭಾರ ಹೆಚ್ಚಿದ್ದರೆ, ಪಟ್ಟಿಯ ಮೇಲ್ಭಾಗದಲ್ಲಿರುವ ಕಾರ್ಯಕ್ರಮದ ಹೆಸರನ್ನು ನೋಡಬೇಕು. ಹೆಸರೇ ದಾರಿ ತೋರಿಸುತ್ತದೆ.

"ಎಸ್.ಎನ್.ಎಂ.ಪಿ. ಎಂಜಿನ್" ಮೇಲಿದ್ದರೆ, ಜಾಲವನ್ನು ಗಮನಿಸಲು ಹಾಕಿದ ತಂತ್ರಾಂಶವೇ ಪದೇ ಪದೇ ಲೆಕ್ಕ ಕೇಳಿ ಸ್ವಿಚ್‌ಗೆ ತೊಂದರೆ ಕೊಡುತ್ತಿದೆ. ನಿಮಿಷಕ್ಕೊಮ್ಮೆ ಕೇಳುವುದನ್ನು ಐದು ನಿಮಿಷಕ್ಕೊಮ್ಮೆ ಎಂದು ಬದಲಿಸಿ, ಬೇಡದ ವಿವರಗಳನ್ನು ಕೇಳುವುದು ಬಿಟ್ಟರೆ ಭಾರ ಇಳಿಯುತ್ತದೆ. ಇದಕ್ಕೆ ಖರ್ಚಿಲ್ಲ.

"ಎ.ಆರ್.ಪಿ. ಇನ್‌ಪುಟ್" ಮೇಲಿದ್ದರೆ, ಮೇಲೆ ಹೇಳಿದ ವಿಳಾಸ ಶೋಧನೆಯ ಡಂಗುರ ಅತಿಯಾಗಿದೆಯೆಂದರ್ಥ. ವೈರಸ್ ಇಲ್ಲವೆ ಮಾರ್ಗ ನಿಗದಿಯಲ್ಲಿನ ತಪ್ಪನ್ನು ಹುಡುಕಬೇಕು. "ಐ.ಪಿ. ಇನ್‌ಪುಟ್" ಮೇಲಿದ್ದರೆ, ಚಿಪ್‌ಗಳು ಸಾಗಿಸಬೇಕಾದ ಪ್ಯಾಕೆಟ್‌ಗಳು ಪ್ರೊಸೆಸರ್‌ಗೆ ಬರುತ್ತಿವೆ.

"ಸ್ಪ್ಯಾನಿಂಗ್ ಟ್ರೀ" ಮೇಲಿದ್ದರೆ ಜಾಲದ ರಚನೆ ಮತ್ತೆ ಮತ್ತೆ ಬದಲಾಗುತ್ತಿದೆಯೆಂದು ಶಂಕಿಸಬೇಕು. "ಷೋ ಸ್ಪ್ಯಾನಿಂಗ್-ಟ್ರೀ ಡೀಟೇಲ್" ಎಂಬ ಆಜ್ಞೆ ಇಂಥ ಬದಲಾವಣೆ ಎಷ್ಟು ಬಾರಿ ಆಯಿತು, ಕಡೆಯದು ಎಷ್ಟು ಹೊತ್ತಿನ ಹಿಂದೆ, ಯಾವ ಪೋರ್ಟಿನಿಂದ ಎಂಬ ಮೂರನ್ನೂ ತಿಳಿಸುತ್ತದೆ. ಬೆಳಗ್ಗೆ ಎಲ್ಲರೂ ಬಂದು ಗಣಕಯಂತ್ರ ಹಚ್ಚುವ ವೇಳೆಗೆ ಸರಿಯಾಗಿ ಜಾಲ ನಿಧಾನವಾಗುತ್ತಿದ್ದರೆ ಇದನ್ನು ಖಂಡಿತ ನೋಡಬೇಕು. ಮೇಜಿನ ಪೋರ್ಟುಗಳನ್ನು ಅಂಚಿನ ಪೋರ್ಟುಗಳೆಂದು ಗುರುತಿಸದಿದ್ದರೆ, ಒಂದೊಂದು ಗಣಕಯಂತ್ರ ಹಚ್ಚಿದಾಗಲೂ ಜಾಲದ ರಚನೆ ಬದಲಾಯಿತೆಂದು ಸ್ವಿಚ್ ತಿಳಿಯುತ್ತದೆ.

ಕೆಟಲಿಸ್ಟ್‌ನ ಕೆಲವು ಹಳೆಯ ಮಾದರಿಗಳಲ್ಲಿ ಪೋರ್ಟಿನ ದೀಪಗಳನ್ನು ನೋಡಿಕೊಳ್ಳುವ ಕಾರ್ಯಕ್ರಮವೇ ಸದಾ ಒಂದಿಷ್ಟು ಪಾಲು ತೆಗೆದುಕೊಳ್ಳುತ್ತದೆ. ಇದು ಆ ಮಾದರಿಯ ಸ್ವಭಾವ. ಸಹಜ ಸ್ಥಿತಿಯ ಅಂಕಿಯನ್ನು ಮೊದಲೇ ಬರೆದಿಟ್ಟಿದ್ದರೆ ಇಂಥದನ್ನು ರೋಗವೆಂದು ಭ್ರಮಿಸುವ ಪ್ರಮೇಯ ಬರುವುದಿಲ್ಲ. ಹೆಸರು ಪರಿಚಿತವಲ್ಲದಿದ್ದು, ಸ್ವಿಚ್‌ನ ಸ್ಮರಣೆಯೂ ದಿನದಿಂದ ದಿನಕ್ಕೆ ಕರಗುತ್ತಿದ್ದರೆ, ತಂತ್ರಾಂಶದ ದೋಷವಿರಬಹುದು. ತಯಾರಕರ ಸುಧಾರಿತ ಆವೃತ್ತಿಯನ್ನು ಹಾಕಿಸುವುದು ಅದಕ್ಕೆ ಮಾರ್ಗ.

ಮರುಕಳಿಸದಂತೆ ಮಾಡುವ ಕ್ರಮಗಳು

ಕಾರಣ ಸಿಕ್ಕ ಮೇಲೆ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಅಂಕಿ ಇಳಿಯಿತೇ ಎಂದು ನೋಡಿ, ಬರೆದಿಡಬೇಕು. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಮುಂಜಾಗ್ರತೆಗಾಗಿ ನಾಲ್ಕು ಕ್ರಮಗಳು ಉಪಯುಕ್ತ. ಒಂದು, ಮೇಜಿನ ಪೋರ್ಟುಗಳನ್ನು ಅಂಚಿನ ಪೋರ್ಟುಗಳೆಂದು ಗುರುತಿಸಿ, ಅವುಗಳಲ್ಲಿ ಬಿ.ಪಿ.ಡಿ.ಯು. ಗಾರ್ಡ್ ಎಂಬ ಕಾವಲು ಹಾಕುವುದು. ಅಲ್ಲಿ ಯಾರಾದರೂ ವೃತ್ತ ನಿರ್ಮಿಸಿದರೆ ಆ ಒಂದು ಪೋರ್ಟ್ ಮಾತ್ರ ಮುಚ್ಚಿಕೊಂಡು ಉಳಿದ ಕಚೇರಿ ಪಾರಾಗುತ್ತದೆ. ಎರಡು, ಸ್ಟಾರ್ಮ್ ಕಂಟ್ರೋಲ್ ಎಂಬ ಸೌಲಭ್ಯದಿಂದ ಸಾರುವ ಸಂದೇಶಗಳಿಗೆ ಮಿತಿ ಹಾಕುವುದು. ಮೂರು, ಕ್ಯಾಮೆರಾ, ಲೆಕ್ಕಪತ್ರ ಹಾಗೂ ಕಾರ್ಖಾನೆಯ ಯಂತ್ರಗಳನ್ನು ಪ್ರತ್ಯೇಕ ವಿಭಾಗಗಳಾಗಿ ವಿಂಗಡಿಸುವುದು. ಒಂದು ವಿಭಾಗದ ಡಂಗುರ ಮತ್ತೊಂದಕ್ಕೆ ಕೇಳಿಸುವುದಿಲ್ಲ. ನಾಲ್ಕು, ಇಡೀ ಜಾಲದ ನಕ್ಷೆ ಬರೆಸಿ, ಯಾವ ಸ್ವಿಚ್ ಕೇಂದ್ರಸ್ಥಾನದಲ್ಲಿರಬೇಕೆಂಬುದನ್ನು ತಾವೇ ನಿಗದಿಪಡಿಸುವುದು. ನಿಗದಿಪಡಿಸದಿದ್ದರೆ ಮೂಲೆಯಲ್ಲಿರುವ ಹಳೆಯ ಸ್ವಿಚ್ಚೇ ಆ ಸ್ಥಾನಕ್ಕೆ ಆಯ್ಕೆಯಾಗಬಹುದು.

ಕರಾರು, ದಾಖಲೆ ಹಾಗೂ ಲೆಕ್ಕ

ಇವುಗಳಲ್ಲಿ ಬಹುಪಾಲು ಕೆಲಸ ತಂತ್ರಜ್ಞರದೇ. ಆದರೆ ಅವರಿಂದ ಏನನ್ನು ಪಡೆಯಬೇಕೆಂಬುದನ್ನು ವಾರ್ಷಿಕ ನಿರ್ವಹಣಾ ಕರಾರಿನಲ್ಲಿ ಬರೆಸುವುದು ಮಾಲೀಕರ ಹೊಣೆ. ಪ್ರತಿ ಭೇಟಿಯಲ್ಲೂ ದುರಸ್ತಿಗೆ ಮುನ್ನ ಹಾಗೂ ಅನಂತರದ ಪ್ರೊಸೆಸರ್ ಅಂಕಿಗಳಿರುವ ಲಿಖಿತ ವರದಿ, ಸ್ವಿಚ್‌ಗಳ ಸಂರಚನೆಯ ಪ್ರತಿ, ಜಾಲದ ನಕ್ಷೆ, ಮೊಹರು ಮಾಡಿದ ಲಕೋಟೆಯಲ್ಲಿ ಗುಪ್ತಪದಗಳು ಇವು ಸಂಸ್ಥೆಯ ಕಪಾಟಿನಲ್ಲಿರಬೇಕು. ಗುಪ್ತಪದ ತಂತ್ರಜ್ಞರಿಗೆ ಮಾತ್ರ ಗೊತ್ತಿರುವ ಸಂಸ್ಥೆಗೆ ತನ್ನ ಆಸ್ತಿಯ ಮೇಲೆ ತನಗೇ ಹಿಡಿತವಿರುವುದಿಲ್ಲ.

ಘಟನಾವಳಿಯನ್ನು ಸ್ವಿಚ್‌ನಲ್ಲೇ ಬಿಡದೆ ಒಂದು ಸರ್ವರ್‌ಗೆ ಕಳುಹಿಸಿ ಉಳಿಸಿಕೊಳ್ಳುವುದು ಕಾನೂನಿನ ದೃಷ್ಟಿಯಿಂದಲೂ ಅಗತ್ಯ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಕಂಪನಿಗಳೂ ಸೇರಿದಂತೆ ನಿಗಮಿತ ಸಂಸ್ಥೆಗಳು ತಮ್ಮ ಮಾಹಿತಿ ತಂತ್ರಜ್ಞಾನ ವ್ಯವಸ್ಥೆಗಳ ಘಟನಾವಳಿಯನ್ನು 180 ದಿನ ಕಾಯ್ದಿಡಬೇಕು. ಗಡಿಯಾರಗಳನ್ನು ನಿಗದಿತ ಸಮಯ ಸರ್ವರ್‌ಗಳಿಗೆ ಹೊಂದಿಸಿರಬೇಕು. ಗಡಿಯಾರ ತಪ್ಪಿರುವ ಸ್ವಿಚ್‌ನ ದಾಖಲೆ ದಿನಾಂಕವಿಲ್ಲದ ವೋಚರಿನಂತೆ.

ಎಲ್ಲ ಪರಿಶೀಲನೆಯ ಬಳಿಕವೂ ಹೊಸ ಸ್ವಿಚ್ ಬೇಕಾದರೆ, ಅದು ಬಂಡವಾಳ ವೆಚ್ಚವಾಗುತ್ತದೆ. ಗಣಕಯಂತ್ರಗಳೊಡನೆ ಬಳಸುವ ರೌಟರ್ ಹಾಗೂ ಸ್ವಿಚ್‌ಗಳನ್ನು ಸವಕಳಿಯ ಉದ್ದೇಶಕ್ಕೆ ಗಣಕಯಂತ್ರವೆಂದೇ ಪರಿಗಣಿಸಬಹುದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಮುಂಬಯಿ ವಿಶೇಷ ಪೀಠ 2010ರಲ್ಲಿ ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ತೀರ್ಪಿತ್ತಿತು. ಆಗ ಶೇ. 60 ಇದ್ದ ದರ, 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು. ಸವಕಳಿಯ ಲಾಭ ದೊರೆಯುತ್ತದೆಂಬುದು ಬೇಡದ ಖರೀದಿಗೆ ಸಮರ್ಥನೆಯಾಗಲಾರದು. ಸಂರಚನೆ ಸರಿಪಡಿಸಿ ಮುಗಿಸಬಹುದಾದ ತೊಂದರೆಗೆ ಹೊಸ ಸ್ವಿಚ್ ಕೊಂಡರೆ, ಹಣವೂ ಹೋಗಿ ತೊಂದರೆಯೂ ಉಳಿಯುತ್ತದೆ.

ಸದಸ್ಯ ಸಂಸ್ಥೆಗಳು ಈ ತಿಂಗಳು ಮಾಡಬಹುದಾದ ಒಂದು ಕೆಲಸವಿದೆ. ಎಲ್ಲವೂ ಸರಿಯಾಗಿ ನಡೆಯುತ್ತಿರುವ ಒಂದು ದಿನ, ಕೆಲಸದ ಬಿಸಿಯಿರುವ ಗಂಟೆಯಲ್ಲಿ, ಪ್ರತಿಯೊಂದು ಸ್ವಿಚ್‌ನ ಎರಡೂ ಅಂಕಿಗಳನ್ನು, ಪಟ್ಟಿಯ ಮೊದಲ ಐದು ಕಾರ್ಯಕ್ರಮಗಳ ಹೆಸರುಗಳನ್ನು ತಂತ್ರಜ್ಞರಿಂದ ಬರೆಸಿ, ದಿನಾಂಕ ಹಾಕಿಸಿ, ಸ್ವಿಚ್ ಇರುವ ಕಪಾಟಿನ ಬಾಗಿಲಿಗೆ ಅಂಟಿಸಬೇಕು. ಮುಂದೆ ಎಂದಾದರೂ 20ನೆಯ ದಿನಾಂಕದ ಮಧ್ಯಾಹ್ನ ಜಾಲ ನಿಧಾನವಾದರೆ, ಹೋಲಿಸಿ ನೋಡಲು ಆ ಒಂದು ಹಾಳೆ ಕೈಗೆ ಸಿಗುತ್ತದೆ.